ಆರು ಲಕ್ಷದ ಜೋಡಿ, ನಾಲ್ಕು ಸಾವಿರದ ಜೋಡಿ

ಎರಡು ಸ್ಪೀಕರ್ ಎದುರಿಗಿಟ್ಟು "ಇವೆರಡರಾಗ ಯಾವುದು ಚಲೋರಿ?" ಅಂತ ಕೇಳುವವರು ನನ್ನ ಅಂಗಡಿಗೆ ಬಾರದ ವಾರವಿಲ್ಲ. ಕೇಳುವುದು ಅವರ ಕೆಲಸ, ಅದರಿಂದ ಏನಾದರೊಂದು ಭಾನಗಡಿ ಹುಟ್ಟಿಸುವುದು ನನ್ನ ಕೆಲಸ. ಸವಣೂರಿನ ಪೇಟೆಯಲ್ಲಿ ರೇಡಿಯೋ, ಟೇಪು, ಆಂಪ್ಲಿಫೈಯರು ಬಿಚ್ಚುತ್ತ ಕೂಡಿಸುತ್ತ ನನ್ನ ತಲೆ ಅರ್ಧ ನೆರೆತಿದೆ. ಕೆಟ್ಟದ್ದನ್ನು ರಿಪೇರಿ ಮಾಡುವುದು ಎಷ್ಟು ಗೊತ್ತೋ, ಸುಮ್ಮನೆ ಇದ್ದದ್ದನ್ನು ಕೆದಕುವುದೂ ಅಷ್ಟೇ ಗೊತ್ತು. ಇಲ್ಲಿ ಬರೆದದ್ದರಲ್ಲಿ ಹನ್ನೆರಡಾಣೆ ಖರೆ. ಉಳಿದ ನಾಲ್ಕಾಣೆಗೆ ಯಾರೂ ಸಾಕ್ಷಿ ಕೇಳಬಾರದು.

ಮೊದಲು ಒಬ್ಬರ ಪರಿಚಯ ಮಾಡಿಕೊಡಬೇಕು. ನನ್ನ ಅಂಗಡಿಯ ಬಾಜೂಕ ಒಬ್ಬ ಬಡಗಿ ಚಾಚಾ ಇದ್ದಾರೆ. ಅವರ ಅಜ್ಜ, ಅಪ್ಪ ಎಲ್ಲರೂ ಬಾಗಿಲು, ಚೌಕಟ್ಟು ಕೆತ್ತಿದವರು. ಈಗ ಜನ ಕಾರ್ಖಾನೆಯ ರೆಡಿಮೇಡ್ ಬಾಗಿಲು ತಂದು ಹಚ್ಚಿಬಿಡುತ್ತಾರೆ. ಚಾಚಾರ ಉಳಿ, ಗರಗಸ ಗೋಡೆಯ ಮೊಳೆಗೆ ನೇತಾಡುವ ಕಾಲ ಬಂತು. ಆಗ ನಾವಿಬ್ಬರೂ ಕೂಡಿ ಒಂದು ಕೆಲಸ ಹೂಡಿದೆವು. ಹಳೆಯ ಸಾಗವಾನಿಯಲ್ಲಿ ಅವರು ಪೆಟ್ಟಿಗೆ ಮಾಡುವುದು, ಅದರೊಳಗೆ ಸ್ಪೀಕರ್ ಕೂಡಿಸಿ ವಾಯರ್ ಎಳೆಯುವುದು ನಾನು. ಜೋಡಿಗೆ ನಾಲ್ಕು ಸಾವಿರ.

ಪೆಟ್ಟಿಗೆ ಚಲೋ ಇತ್ತು, ಕೊಳ್ಳುವವರು ಇರಲಿಲ್ಲ. ಒಂದು ದಿನ ಚಾಚಾರ ಮಗ ಬಂದು ನನ್ನೆದುರಿಗೇ ಹೇಳಿದ: "ಅಬ್ಬಾ, ಈ ವರ್ಷ ಮುಗಿಯೂ ತನಕಾ ನೋಡ್ತೇನಿ. ಕೆಲಸ ಬರಲಿಲ್ಲಂದ್ರ ಈ ಅಂಗಡಿ ಮೊಬೈಲ್ ಕವರ್ ಮಾರಾವ್ರಿಗೆ ಬಾಡಿಗಿ ಕೊಡೂದ. ನೀವು ಮನ್ಯಾಗ ಆರಾಮ ಕುಂದರ್ರಿ."

ಆರಾಮ ಕೂಡು ಅಂದರೆ ಚಾಚಾರಿಗೆ ಬೈದಂತೆ. ಅವತ್ತಿಡೀ ಅವರು ಒಂದೇ ಹಲಗೆಯನ್ನು ಉಜ್ಜಿದ್ದೇ ಉಜ್ಜಿದ್ದು. ಸಂಜೆ ಹೊತ್ತಿಗೆ ಅದು ಹಪ್ಪಳದಷ್ಟು ತೆಳ್ಳಗಾಗಿತ್ತು. ನನಗೆ ನೋಡಲಾಗಲಿಲ್ಲ. ಈ ಪೆಟ್ಟಿಗೆಗೆ ಹೆಸರು ತಂದೇ ತೀರಬೇಕು ಅಂತ ತೀರ್ಮಾನ ಮಾಡಿದೆ. ಹೆಸರು ತರಲು ಎರಡು ದಾರಿ: ಕೆಲಸ ಚಲೋ ಮಾಡುವುದು, ಸುಳ್ಳು ಚಲೋ ಹೇಳುವುದು. ಮೊದಲನೆಯದನ್ನು ಚಾಚಾ ಹೆಂಗೂ ಮಾಡುತ್ತಿದ್ದರು.

ನವಾಬರ ಬಾಗಿಲು

ಮರುದಿನ ಚಹಾದಂಗಡಿಯಲ್ಲಿ ಕುಳಿತು, ಬಾಜೂ ಬಾಕಿನವರಿಗೆ ಕೇಳುವಷ್ಟೇ ಸಣ್ಣ ದನಿಯಲ್ಲಿ, ಗುಟ್ಟು ಹೇಳುವವನ ಹಾಗೆ ಅಂದೆ: "ಆ ಪೆಟಗಿ ಕಟಗಿ ಎಲ್ಲೀದು ಗೊತ್ತೈತೇನು? ನವಾಬರ ಕಾಲದ ಬಾಗಲಾ. ಎಷ್ಟು ವರ್ಷ ಎಂತೆಂಥಾ ಸಂಗೀತ ಕೇಳಿದ ಕಟಗಿ ಅದು! ಒಳಗ ಸ್ಪೀಕರ್ ಹಾಕೂದು ಸುಮ್ನ ಶಾಸ್ತ್ರಕ್ಕ."

ನನ್ನ ಕಪ್ಪಿನ ಚಹಾ ಮುಗಿಯುವುದರೊಳಗೆ ಸುದ್ದಿ ಬಂಕಾಪುರ ದಾಟಿತ್ತು.

ಎಂಟು ದಿನಕ್ಕೆ ಶಿಗ್ಗಾಂವಿಯಿಂದ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಬಂದರು. ಧೋತರ, ಕರೀ ಟೊಪ್ಪಿಗೆ, ಕೈಯಲ್ಲಿ ಛತ್ರಿ. "ಹಚ್ಚಿ ತೋರಸ್ಲೇನ್ರಿ ಸರ್?" ಅಂದೆ. ಕೈ ಅಡ್ಡ ಮಾಡಿ ಬ್ಯಾಡ ಅಂದರು. ಪೆಟ್ಟಿಗೆಯ ಹತ್ತಿರ ಬಗ್ಗಿ, ಕಣ್ಣು ಮುಚ್ಚಿ, ಮೂಗು ಹಚ್ಚಿ ಉಸಿರೆಳೆದರು.

"ಆಹಾಹಾ! ಅತ್ತರ! ಇಷ್ಟು ವರ್ಷ ಆದ್ರೂ ಇನ್ನೂ ಉಳಕೊಂಡೈತಿ ನೋಡ್ರಿ!"

ನಾನು ತಲೆ ತಗ್ಗಿಸಿ, ಇತಿಹಾಸದ ಮುಂದೆ ನಿಂತವನ ಹಾಗೆ ಗಂಭೀರವಾಗಿ ನಿಂತೆ. ನಮ್ಮ ಮನೆ ಅಂಗಡಿಯ ಹಿಂದೆಯೇ ಇದೆ. ಅದೇ ಹೊತ್ತಿಗೆ ಚಹಾ ಹಿಡಿದುಕೊಂಡು ಬಂದ ನಮ್ಮ ಮನೆಯಾಕೆ ಕೇಳಿಸಿಕೊಂಡಳು.

"ಅತ್ತರ ಎಲ್ಲೀದ್ರಿ ಸರ್? ಅದು ನಮ್ಮ ಬಚ್ಚಲ ಬಾಗಲಾ. ಇಪ್ಪತ್ತು ವರ್ಷದ ಸೀಗೀಕಾಯಿ ವಾಸನಿ ಅದು. ಹೊಸಾ ಬಾಗಲಾ ಹಚ್ಚಸ್ತೇನಿ ಅಂತ ಹೇಳಿ ಈ ಮನಷ್ಯಾ ಬಿಚಗೊಂಡು ಹೋಗಿ ಆರು ತಿಂಗಳಾತು. ಇನ್ನೂ ಹಳೇ ಸೀರಿ ಅಡ್ಡ ಕಟಗೊಂಡು ಜಳಕಾ ಮಾಡಾಕತ್ತೇವಿ!"

ಹೆಡ್‌ಮಾಸ್ತರರು ಮೂಗು ಒರೆಸಿಕೊಂಡರು. ಛತ್ರಿ ಈ ಕೈಯಿಂದ ಆ ಕೈಗೆ ಬದಲಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಂಗಾರ... ನಿಮ್ಮ ಬಚ್ಚಲದಾಗ ಯಾರರೆ ಹಾಡತಿದ್ರೇನು?"

"ನಮ್ಮಪ್ಪ ಹಾಡತಿದ್ದರಿ," ಅಂದೆ ನಾನು. "ದಿನಾ ಮುಂಜಾನೆ. ಓಣಿಗೆಲ್ಲಾ ಕೇಳತಿತ್ತು."

"ಅಂದ್ರ ಸಂಗೀತ ಕೇಳಿದ ಕಟಗಿ ಅನ್ನೂದು ಖರೇನ ಆತಲ್ಲ. ಒಂದು ಜೋಡಿ ಕಟ್ರಿ."

ಮೊಬೈಲಿನಲ್ಲಿ ಕೇಳಿದಷ್ಟು ಇಲ್ಲ

ನವಾಬರ ಸುದ್ದಿ ಹಿಡಿದು ಒಬ್ಬ ವಿಡಿಯೋ ಮಾಡುವವನೂ ಬಂದ. ಪಂಪ್‌ಸೆಟ್ಟು, ಔಷಧ ಹೊಡೆಯುವ ಯಂತ್ರ, ಟ್ರ್ಯಾಕ್ಟರ್ ಟಾಯರು, ಇವುಗಳ ಗುಣದೋಷ ಹೇಳಿ ನಾಲ್ಕು ತಾಲೂಕಿಗೆ ಹೆಸರಾದವನು. ಸ್ಪೀಕರಿನ ಅನುಭವ ಇಲ್ಲ, ಆದರೆ ಅಂಜಿಕೆಯೂ ಇಲ್ಲ. ಪಂಪ್‌ಸೆಟ್ಟನ್ನು ಹೆಂಗೆ ನೋಡುತ್ತಿದ್ದನೋ ಹಂಗೇ ನೋಡಿದ. ಪೆಟ್ಟಿಗೆಯನ್ನು ಎತ್ತಿ ತೂಕ ನೋಡಿದ, ಮುಷ್ಟಿ ಕಟ್ಟಿ ನಾಲ್ಕು ಗುದ್ದು ಗುದ್ದಿದ, "ನೀರು ಬಿದ್ರ ಏನಾಕ್ಕೈತ್ರಿ?" ಅಂತ ಕೇಳಿದ. ಆಮೇಲೆ ಒಂದು ಭಜನೆಯ ಪದ ಹಚ್ಚಿಸಿ, ಮೊಬೈಲು ಪೆಟ್ಟಿಗೆಯ ಮುಂದೆ ಹಿಡಿದು ಕೂಗಿದ: "ಕೇಳ್ರಿ ಬಂಧುಗಳ! ಆರು ಲಕ್ಷದ ಧ್ವನಿ, ನಾಕು ಸಾವಿರಕ್ಕ! ಸವಣೂರಾಗ!"

ಆರು ಲಕ್ಷದ ಮಾತು ಅವನಿಗೆ ಹೇಳಿಕೊಟ್ಟವರು ಯಾರು ಅಂತ ಕೇಳಬೇಡಿ.

ಜನ ನೋಡಿದರು. "ಏನ್ ಧ್ವನಿರೀ!", "ಮೈ ಜುಮ್ ಅಂತು", "ಎದಿಗೆ ಬಂದು ಬಡೀತು" ಅಂತ ಕೆಳಗೆ ಬರೆದರು. ಅವರ ಎದೆಗೆ ಬಂದು ಬಡಿದದ್ದು ಅವರವರ ಮೊಬೈಲಿನ ಉದ್ದಿನ ಕಾಳಿನಷ್ಟು ಸ್ಪೀಕರಿನ ಸದ್ದು ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯದ್ದನ್ನು ಹೊಳೆಯಿಸುವುದು ನನ್ನ ಧರ್ಮವೂ ಅಲ್ಲ.

ಹಿರೇಕೆರೂರಿನ ಕಿರಾಣಿ ಅಂಗಡಿಯ ಮಾಲಕರು ಬಂದು ಒಂದು ಜೋಡಿ ಒಯ್ದರು. ನಾಲ್ಕು ದಿನಕ್ಕೆ ಪೆಟ್ಟಿಗೆಯ ಸಮೇತ ತಿರುಗಿ ಬಂದರು. ಮುಖ ದಪ್ಪಗೆ.

"ಏನಾತ್ರಿ ಸಾವಕಾರ್ರ?"

"ಚಲೋನ ಐತ್ರಿ. ಆದ್ರ ಮೊಬೈಲ್‌ನಾಗ ಕೇಳಿದಷ್ಟು ಚಲೋ ಇಲ್ಲ."

ಚಾಚಾ ಕೈಯಲ್ಲಿದ್ದ ಉಳಿ ಕೆಳಗಿಟ್ಟರು. ಹೋದ ಜೋಡಿ ತಿರುಗಿ ಬಂತಂದರೆ ಅವರಿಗೆ ಎದೆ ಒಡೆದಂತೆ. ನಾನು ಸಾವಕಾರ್ರಿಗೆ ಕುರ್ಚಿ ಹಾಕಿದೆ. ಪೆಟ್ಟಿಗೆ ಹಚ್ಚಿದೆ. ಅವರದೇ ಮೊಬೈಲು ಇಸಿದುಕೊಂಡು, ಪೆಟ್ಟಿಗೆಯ ಮುಂದೆ ಹಿಡಿದು, ಎರಡು ನಿಮಿಷ ರೆಕಾರ್ಡ್ ಮಾಡಿ ಅವರ ಕಿವಿಗೆ ಹಿಡಿದೆ. ಅವರ ಮುಖ ಅರಳಿತು.

"ಹಾಂ! ಇದು! ಇದ ನೋಡ್ರಿ ಆ ಧ್ವನಿ!"

"ಪೆಟಗಿ ಏನೂ ಕೆಟ್ಟಿಲ್ರಿ. ನಿಮಗ ಕೇಳೂ ಪದ್ಧತಿ ಗೊತ್ತಿರಲಿಲ್ಲ ಅಷ್ಟ."

ಸಾವಕಾರ್ರು ಸಮಾಧಾನದಿಂದ ಒಯ್ದರು. ಈಗಲೂ ದಿನಾ ಸಂಜೆ ಅಂಗಡಿಯಲ್ಲಿ ಪೆಟ್ಟಿಗೆ ಹಚ್ಚಿ, ರೆಕಾರ್ಡ್ ಮಾಡಿ, ಮೊಬೈಲಿನಲ್ಲಿ ಕೇಳುತ್ತಾರಂತೆ. ಬಂದವರಿಗೆಲ್ಲ "ಕಂಪನಿ ಪದ್ಧತಿ ಹಿಂಗ ಐತಿ" ಅಂತ ಹೇಳುತ್ತಾರಂತೆ.

ಒಂದೇ ಕುರ್ಚಿ

ಆ ವಿಡಿಯೋ ಹಾನಗಲ್ಲಿನ ಒಬ್ಬ ಡಾಕ್ಟರ ಕಣ್ಣಿಗೂ ಬಿತ್ತು. ಅಲ್ಲಿಂದ ನಮ್ಮ ದೆಸೆ ತಿರುಗಿತು. ಡಾಕ್ಟರು ಹೃದಯವಂತರು, ಮಾತು ಮಾತ್ರ ಚೀಟಿ ಬರೆದಷ್ಟೇ ಚುಟುಕು. ಅವರ ಹತ್ತಿರ ಪರದೇಶದಿಂದ ತರಿಸಿದ ಸ್ಪೀಕರ್ ಜೋಡಿ ಇತ್ತು. ಬೆಲೆ ನಿಜವಾಗಿಯೂ ಆರು ಲಕ್ಷ! ನಾನು ಬಾಯಿಗೆ ಬಂದದ್ದು ಹೇಳಿಕೊಟ್ಟಿದ್ದೆ, ಅದು ಹೋಗಿ ಖರೇ ಮನುಷ್ಯನಿಗೆ ತಾಗಿತ್ತು.

ಫೋನು ಬಂತು. "ಆರು ಲಕ್ಷದ ಧ್ವನಿ ಅಂತ ಹೇಳೀರಲ್ಲ, ಆರು ಲಕ್ಷದ್ದು ಕೇಳೀರೇನು?"

"ಇಲ್ರಿ."

"ಬರ್ರಿ ಹಂಗಾರ."

ಚಾಚಾರನ್ನು ಕರೆದುಕೊಂಡು ಹೋದೆ. ಡಾಕ್ಟರ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ. ಗೋಡೆಗೆಲ್ಲ ದಪ್ಪ ಬಟ್ಟೆ. ಆಳೆತ್ತರದ ಎರಡು ಸ್ಪೀಕರು, ನಡುವೆ ಅಳತೆ ಹಿಡಿದು ಇಟ್ಟ ಒಂದೇ ಒಂದು ಕುರ್ಚಿ. ಧ್ವನಿ ಸರಿಯಾಗಿ ಕೂಡುವುದು ಅಲ್ಲಿ ಕುಳಿತರೆ ಮಾತ್ರವಂತೆ. ಹೀಗಾಗಿ ಕ್ಷೌರದಂಗಡಿಯಲ್ಲಿ ನಿಂತ ಹಾಗೆ ಪಾಳಿ ಹಚ್ಚಿ ಕೇಳಬೇಕು. ವಾಯರುಗಳೋ, ನನ್ನ ಹೆಬ್ಬೆರಳಿನ ದಪ್ಪ. ನೆಲಕ್ಕೆ ತಾಗಿದರೆ ಧ್ವನಿ ಕೆಡುತ್ತದೆಂದು ಸಣ್ಣ ಸಣ್ಣ ಕಾಲಿನ ಮೇಲೆ ಎತ್ತಿ ಇಟ್ಟಿದ್ದರು. ಅದರಲ್ಲಿ ಒಂದರ ಮೇಲೆ ಡಾಕ್ಟರ ಅವ್ವ ತಮ್ಮ ಹಸೀ ಕುಪ್ಪಸ ಒಣ ಹಾಕಿದ್ದರು.

"ಅವ್ವಾ!" ಅಂತ ಡಾಕ್ಟರು ಚೀರಿದರು.

"ಯಾಕ ಒದರತೀಯೋ? ಇಂಥಾ ಗಟ್ಟಿ ಹಗ್ಗ ಇಡೀ ಹಾನಗಲ್ಲಾಗ ಸಿಗಂಗಿಲ್ಲ," ಅಂದರು ಅವ್ವ, ಕುಪ್ಪಸ ತೆಗೆಯುತ್ತ.

ಪಾಳಿ ಮೊದಲು ಚಾಚಾರದು. ಡಾಕ್ಟರು ಯಾವುದೋ ಪರದೇಶದ ಸಂಗೀತ ಕಛೇರಿ ಹಚ್ಚಿದರು. ಎರಡು ನಿಮಿಷಕ್ಕೆ ಚಾಚಾ ಗಕ್ಕನೆ ಎಡಕ್ಕೆ ತಿರುಗಿ ನೋಡಿದರು. ಮತ್ತೆ ಸ್ವಲ್ಪ ಹೊತ್ತಿಗೆ ಎದ್ದುನಿಂತು ಸ್ಪೀಕರಿನ ಹಿಂದೆ ಹೋಗಿ ಹಣಿಕಿದರು.

"ಯಾರೋ ಕೆಮ್ಮಿದ್ರು!"

ಡಾಕ್ಟರಿಗೆ ಆನಂದವೋ ಆನಂದ. "ನೋಡ್ರಿ! ಆ ಕಛೇರಿಯೊಳಗ ಮೂರನೇ ಸಾಲಿನಾಗ ಕುಂತಾವ ಕೆಮ್ಮಿದ್ದು ಅದು. ಬ್ಯಾರೆ ಯಾವ ಸ್ಪೀಕರಿನಾಗೂ ಕೇಳಂಗಿಲ್ಲ!"

ಚಾಚಾ ಮತ್ತೆ ಕುಳಿತು, ಬಹಳ ಮರ್ಯಾದೆಯಿಂದ ಹೇಳಿದರು: "ಸಾಹೇಬ್ರ, ಆರು ಲಕ್ಷ ಕೊಟ್ಟು ಕೆಮ್ಮು ಕೇಳೂದ್ಯಾಕ್ರಿ? ನಿಮ್ಮ ದವಾಖಾನ್ಯಾಗ ಮುಂಜಾನಿಂದ ಸಂಜೀತನಕಾ ಪುಕ್ಕಟ ಕೆಮ್ಮತಾರಲ್ಲ."

ಡಾಕ್ಟರ ಅವ್ವ ಬಾಗಿಲಲ್ಲಿ ನಿಂತು ನಕ್ಕ ನಗು ಕೆಳಗಿನ ಪೇಶಂಟರಿಗೂ ಕೇಳಿಸಿರಬೇಕು. ಡಾಕ್ಟರೂ ನಕ್ಕರು. ನಕ್ಕು ಮುಗಿದ ಮೇಲೆ ಒಂದು ವಿಷಯ ಬಿಚ್ಚಿದರು. ಊರಿನ ಸಂಗೀತ ಶಾಲೆಗೆ ತಮ್ಮ ತೀರಿಹೋದ ತಂದೆಯ ನೆನಪಿಗೆ ಸ್ಪೀಕರ್ ಕೊಡಿಸಬೇಕೆಂದಿದ್ದಾರೆ, ಇಂಥದೇ ಒಂದು ಜೋಡಿ. ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಆ ರೊಕ್ಕದಾಗ ಶಾಲಿಗೂ ಆಕ್ಕೈತಿ, ಸುತ್ತ ಊರಿನ ಭಜನಿ ಮ್ಯಾಳಕ್ಕೆಲ್ಲಾ ಒಂದೊಂದು ಜೋಡಿ ಆಕ್ಕೈತ್ರಿ. ಧ್ವನಿ ನಮ್ದೂ ಏನ್ ಕಡಿಮಿ ಇಲ್ಲ."

"ಕಡಿಮಿ ಇಲ್ಲ ಅಂತ ಯಾರು ಹೇಳಬೇಕು?"

"ಕಿವಿ ಹೇಳಬೇಕ್ರಿ. ಕಣ್ಣಿಗೆ ಕಾಣದಂಗ ಅಡ್ಡ ಬಟ್ಟಿ ಹಿಡದು, ಎರಡೂ ಹಚ್ಚೂಣು. ಜನಾ ಹೇಳ್ಲಿ."

ಡಾಕ್ಟರು ಒಂದು ಕ್ಷಣ ನೋಡಿ, "ಆತು," ಅಂದರು. "ನಿಮ್ಮದು ಗೆದ್ದರ ಶಾಲಿ, ಹನ್ನೆರಡು ಊರು, ಎಲ್ಲಾ ಕೆಲಸ ಚಾಚಾರಿಗೆ. ಸೋತರ ಆ ಆರು ಲಕ್ಷದ ಮಾತು ಮತ್ತ ಆಡಬಾರದು."

ಹದಿಮೂರು ಜೋಡಿ! ಚಾಚಾ ನನ್ನ ಕೈ ಹಿಡಿದರು. ವರ್ಷ ಮುಗಿಯಲು ಮೂರು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಉಳಿದಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಮುಂದಿನ ಸೀಟಿನ ಮೇಲೆ ಬೆರಳಿನಿಂದ ಏನೋ ಅಳೆಯುತ್ತ ಕುಳಿತಿದ್ದರು. ಆ ಸ್ಪೀಕರಿನ ಧ್ವನಿಗೆ ಬೆರಗಾಗಿದ್ದಾರೆ ಅಂತ ನನಗೂ ಅಳುಕು. "ಯಾಕ ಚಾಚಾ, ಏನ್ ವಿಚಾರ ಮಾಡಾಕತ್ತೀರಿ?" ಅಂದೆ.

"ಆ ಕುರ್ಚಿದ ಎಡಗಡೆ ಕಾಲು ಅರ್ಧ ಬೊಟ್ಟು ಗಿಡ್ಡ ಐತೋ. ಡಾಕ್ಟರ್ ಸಾಹೇಬ್ರು ಇಷ್ಟು ವರ್ಷ ವಾಲಿಕೊಂಡ ಕೇಳಾಕತ್ತಾರ."

ಖಂಡೇ ಪೂಜೆ

ದಸರೆ ಆಗಿ ಹದಿನೈದು ದಿನಕ್ಕೆ ಡಾಕ್ಟರದು ಗಾಬರಿಯ ಫೋನು. "ಈಗಿಂದೀಗ ಬರ್ರಿ. ಪೇಶಂಟ್ ಸೀರಿಯಸ್ ಐತಿ."

ಹೋಗಿ ನೋಡಿದರೆ ಪೇಶಂಟ್ ಅಂದರೆ ಸ್ಪೀಕರು. ದೂಳು ಒರೆಸಲೆಂದು ಮುಂದಿನ ಜಾಳಿಗೆ ತೆಗೆದಿದ್ದರು. ಮೇಲ್ಭಾಗದಲ್ಲಿ ಸಣ್ಣ ಗುಂಡಿಯಷ್ಟು ಒಂದು ರೇಷ್ಮೆಯ ಉಬ್ಬು ಇರುತ್ತದೆ, ಟ್ವೀಟರ್ ಅನ್ನುತ್ತಾರೆ. ತಾಳ, ಗೆಜ್ಜೆಯಂಥ ಸಣ್ಣ ಸದ್ದೆಲ್ಲ ಅದರಿಂದಲೇ ಬರುವುದು. ಅದನ್ನು ಉಸಿರು ಬಿಗಿಹಿಡಿದು ಮುಟ್ಟಬೇಕು. ಅಂಥ ಎರಡೂ ಉಬ್ಬು ಒಳಗೆ ತಗ್ಗಾಗಿ ಹೋಗಿದ್ದವು. ತಗ್ಗಿನೊಳಗೆ ಚೊಕ್ಕ ದುಂಡಗೆ ಕುಂಕುಮ! ಕೆಳಗಿನ ದೊಡ್ಡ ಸ್ಪೀಕರಿನ ಮೇಲೆ ಮೂರು ಬೊಟ್ಟಿನ ವಿಭೂತಿ. ಜಾಳಿಗೆಯ ಬುಡದ ಸಂದಿಯಲ್ಲಿ ಒಣಗಿದ ಚೆಂಡುಹೂ.

"ಅವ್ವಾ, ಇದೇನ ಮಾಡೀ?" ಡಾಕ್ಟರು ಅಳುವುದೊಂದು ಬಾಕಿ.

ಅವ್ವ ಸೊಂಟದ ಮೇಲೆ ಕೈ ಇಟ್ಟು ನಿಂತರು. "ಖಂಡೇ ಪೂಜಿ ದಿನ ಕಾರಿಗೆ ಮಾಡಿದೆ, ಸ್ಕೂಟರಿಗೆ ಮಾಡಿದೆ, ನಿನ್ನ ಸೂಜಿ ಕತ್ತರಿಗೆ ಮಾಡಿದೆ, ಕುಕ್ಕರಿಗೂ ಮಾಡಿದೆ. ಆರು ಲಕ್ಷದ್ದನ್ನ ಬಿಡಬೇಕಾಗಿತ್ತೇನು? ಜಾಳಿಗಿ ತಗದೆ, ಕುಂಕುಮ ಹತ್ತವಲ್ದಾಗಿತ್ತು, ಒಂಚೂರು ಒತ್ತಿ ಹಚ್ಚಿ ಮತ್ತ ಜಾಳಿಗಿ ಮುಚ್ಚಿದೆ."

"ಹದಿನೈದು ದಿನ ಆತಲ್ಲರಿ ಡಾಕ್ಟರ್ ಸಾಹೇಬ್ರ," ಅಂದೆ ನಾನು, ಮುಗ್ಧನ ಹಾಗೆ. "ಕೇಳುವಾಗ ಗೊತ್ತಾಗಲಿಲ್ಲೇನ್ರಿ?"

ಅವರು ಕರವಸ್ತ್ರ ತೆಗೆದು ಜಾಳಿಗೆ ಒರೆಸತೊಡಗಿದರು. ಉತ್ತರ ಅವ್ವನೇ ಕೊಟ್ಟರು. "ಗೊತ್ತಾಗೂದೇನು! ಹಬ್ಬ ಆದಮ್ಯಾಲೆ ಬಂದವರಿಗೆಲ್ಲಾ ಹೇಳೂದ ಹೇಳೂದು. 'ಸ್ಪೀಕರ್ ಪಳಗಾಕ ಟೈಮ್ ಬೇಕ್ರಿ, ಈಗ ನೋಡ್ರಿ ಧ್ವನಿ ಎಷ್ಟು ಮೆತ್ತಗ ಆಗೇತಿ' ಅಂತ!"

ನಾನು ಅಂಟುಪಟ್ಟಿ ಹಚ್ಚಿ, ಮೆಲ್ಲಗೆ ಜಗ್ಗಿ, ಎರಡೂ ಉಬ್ಬನ್ನು ಹೊರಗೆ ತಂದೆ. ಕುಂಕುಮ ಒರೆಸಿ ಹಚ್ಚಿದೆ. ಡಾಕ್ಟರು ತಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ಕೇಳಿದರು. ಬಹಳ ಹೊತ್ತಿನ ಮೇಲೆ, ಅವ್ವ ಕೆಳಗೆ ಹೋದದ್ದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯಲ್ಲಿ ಅಂದರು:

"ಯಾರ ಮುಂದೂ ಹೇಳಬ್ಯಾಡ್ರಿ. ಕುಂಕುಮ ಇದ್ದಾಗ ಚಲೋ ಇತ್ತು."

ಅಂತರಪಾಟ

ಇಷ್ಟೆಲ್ಲ ನಕ್ಕೆ ನಿಜ. ಆದರೆ ಅವತ್ತು ರಿಪೇರಿ ಮುಗಿದು ಡಾಕ್ಟರು ಕೆಳಗೆ ಹೋದಾಗ ಆ ಕುರ್ಚಿಯಲ್ಲಿ ನಾನೊಬ್ಬನೇ ಕುಳಿತು ಕೇಳಿದ್ದೆ. ಸುಳ್ಳು ಹೇಳುವುದು ಬಾಯಿ, ಕಿವಿ ಅಲ್ಲ. ಆ ಸ್ಪೀಕರು ಗಟ್ಟಿ ಇದ್ದವು. ತಂಬೂರಿಯ ತಂತಿ ನನ್ನ ಮೊಣಕಾಲ ಹತ್ತಿರವೇ ಮಿಡಿದಂತಾಯಿತು. ಹದಿಮೂರು ಜೋಡಿಯೂ ಹೋಯಿತು, ಚಾಚಾರ ಅಂಗಡಿಯೂ ಹೋಯಿತು ಅಂದುಕೊಂಡೆ. ಅಂದುಕೊಂಡವನು ಸುಮ್ಮನೆ ಕೂಡುವ ಜಾತಿಯಲ್ಲ.

ಪರೀಕ್ಷೆಯ ದಿನ ಸಂಗೀತ ಶಾಲೆಯ ಹಾಲ್‌ನಲ್ಲಿ ಜನ ತುಂಬಿದ್ದರು. ಹಿರೇಬೆಂಡಿಗೇರಿಯಿಂದ ಭಜನೆಯವರು ತಾಳ ಸಮೇತ ಬಂದಿದ್ದರು. ತೀರ್ಪು ಹೇಳಲು ತಿಳವಳ್ಳಿಯ ಹಾರ್ಮೋನಿಯಂ ಮಾಸ್ತರರು, ಎಪ್ಪತ್ತು ದಾಟಿದವರು. ಅಡ್ಡ ಹಿಡಿಯಲು ದೊಡ್ಡ ಬಟ್ಟೆ ಸಿಗದೆ, ಒಬ್ಬ ಅಯ್ಯನವರು ಮದುವೆಯಲ್ಲಿ ಗಂಡು ಹೆಣ್ಣಿನ ನಡುವೆ ಹಿಡಿಯುವ ಅಂತರಪಾಟವನ್ನೇ ತಂದಿದ್ದರು. ಅರಿಷಿಣದ ಸ್ವಸ್ತಿಕ ಬರೆದ ಬಿಳೀ ಬಟ್ಟೆ. ಅದರ ಹಿಂದೆ ಆರು ಲಕ್ಷದ ಜೋಡಿ, ನಾಲ್ಕು ಸಾವಿರದ ಜೋಡಿ.

"ಅಕ್ಕಿಕಾಳು ಯಾವಾಗ ಹಾಕೂದ್ರಿ?" ಅಂದ ಹಿರೇಬೆಂಡಿಗೇರಿಯವನೊಬ್ಬ. ಸಭೆ ಘೊಳ್ಳಂತ ನಕ್ಕಿತು.

ವಾಯರ್ ಜೋಡಿಸುವ ಕೆಲಸ ನನ್ನದು. ಒಂದು ಸ್ವಿಚ್ಚು. ಒಂದಕ್ಕೆ ತಿರುಗಿಸಿದರೆ ಡಾಕ್ಟರ ಸ್ಪೀಕರು, ಎರಡಕ್ಕೆ ತಿರುಗಿಸಿದರೆ ನಮ್ಮ ಪೆಟ್ಟಿಗೆ. ಅದನ್ನು ಡಾಕ್ಟರು ಒಂದು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ ಕಿಸೆಯಲ್ಲಿಟ್ಟುಕೊಂಡರು. ಅಷ್ಟರಲ್ಲಿ ಅವರಿಗೆ ಪೇಶಂಟಿನ ಫೋನು ಬಂತು. ಹೊರಗೆ ಹೋದರು. ನಾನು ಬಟ್ಟೆಯ ಹಿಂದೆ ಹೋಗಿ ಎರಡೂ ವಾಯರನ್ನು ಅದಲುಬದಲು ಮಾಡಿದೆ. ಈಗ ಎರಡಕ್ಕೆ ತಿರುಗಿಸಿದರೆ ಹಾಡುವುದು ಡಾಕ್ಟರ ಸ್ಪೀಕರು, ಹೆಸರು ನಮ್ಮ ಪೆಟ್ಟಿಗೆಗೆ. ಜನ ಚಲೋ ಧ್ವನಿಗೆ ಕೈ ಎತ್ತುತ್ತಾರೆ, ಕೆಲಸ ಚಾಚಾರಿಗೆ ಬರುತ್ತದೆ. ಎಷ್ಟು ಸಲೀಸು!

ಹಚ್ಚಿದ್ದು ಮಾಸ್ತರರದೇ ಹಾಡು. ಅವರು ಹಿಂದಿನ ವಾರ ಹಾಡಿದ ತತ್ವಪದ, ಹಾರ್ಮೋನಿಯಂ, ತಬಲಾ, ತಾಳ. ತಮ್ಮ ಧ್ವನಿಗೆ ತಾವೇ ಪಂಚರು.

ಎರಡಕ್ಕೆ ತಿರುಗಿಸಿದೆ. ಮಾಸ್ತರರು ಕೇಳುತ್ತ ಕೇಳುತ್ತ ಹುಬ್ಬು ಗಂಟು ಹಾಕಿದರು. ಒಂದಕ್ಕೆ ತಿರುಗಿಸಿದೆ. ಹುಬ್ಬು ಬಿಚ್ಚಿತು, ತೊಡೆಯ ಮೇಲೆ ಕೈ ತಾಳ ಹಾಕತೊಡಗಿತು. ಹಿಂದೆ ಕುಳಿತ ಭಜನೆಯವರ ಕೈಯಲ್ಲಿ ತಾಳ ತಾವಾಗಿಯೇ ಎದ್ದವು. ಮೂರು ಸಲ ಹಿಂಗೇ ತಿರುಗಿಸಿದೆ, ಮೂರು ಸಲವೂ ಅದೇ.

"ಮಾಸ್ತರ, ಹೇಳ್ರಿ," ಅಂದರು ಡಾಕ್ಟರು.

"ಎರಡನೇದರಾಗ ನನ್ನ ಹಲ್ಲಿನ ಸೆಟ್ ಕಟಕಟ ಅನ್ನೂದು ಕೇಳತೈತ್ರಿ. ನಾನು ದಮ್ಮ ಜಗ್ಗೂದು ಕೇಳತೈತಿ. ಅದರಾಗ ಹಾಡಾಕತ್ತಿದ್ದು ನನ್ನ ದಮ್ಮು. ಒಂದನೇದರಾಗ ಹಾಡಾಕತ್ತಿದ್ದು ನಾನು!" ಎದೆಯ ಮೇಲೆ ಕೈ ಇಟ್ಟುಕೊಂಡರು. "ಎದೀತುಂಬ ಐತಿ. ಭಜನಿಗೆ ಇದ ಬೇಕು. ಒಂದನೇದು."

"ಒಂದನೇದು! ಒಂದನೇದು!" ಸಭೆಯ ತುಂಬ ಕೈ ಎದ್ದವು.

ಡಾಕ್ಟರು ಲಕೋಟೆ ಒಡೆದು ಗಂಭೀರವಾಗಿ ಓದಿದರು: "ಒಂದು, ನನ್ನ ಸ್ಪೀಕರ್. ಎರಡು, ಸವಣೂರು ಪೆಟ್ಟಿಗೆ."

ಚಪ್ಪಾಳೆ ಬಿತ್ತು. ಅದರ ನಡುವೆ ನಾನೊಬ್ಬ ನಿಂತಿದ್ದೆ, ಗೆದ್ದವನು ಹೌದು, ಸೋತವನೂ ಹೌದು. ಆರು ಲಕ್ಷದ್ದನ್ನು ನಮ್ಮ ಪೆಟ್ಟಿಗೆ ಸೋಲಿಸಿದೆ. ಖರೇ ಖರೇ ಸೋಲಿಸಿದೆ! ಅದನ್ನು ಬಲ್ಲವನು ಲೋಕದಲ್ಲಿ ನಾನೊಬ್ಬನೇ. ಹೇಳಬೇಕೆಂದರೆ ನನ್ನ ಕಳ್ಳತನ ಹೇಳಬೇಕು.

ಚಾಚಾ ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡು ಡಾಕ್ಟರಿಗೆ ಸಲಾಂ ಮಾಡಿದರು. "ನಿಮ್ಮದು ಚಲೋ ಐತ್ರಿ ಸಾಹೇಬ್ರ. ನಾನು ಕೇಳಿದೆ, ನನಗೂ ಒಂದನೇದ ಸೇರಿತು." ಅಷ್ಟು ಹೇಳಿ, ತಮ್ಮ ಪೆಟ್ಟಿಗೆ ಎತ್ತಿಕೊಂಡು ಹೋಗಲು ಬಟ್ಟೆಯ ಕಡೆಗೆ ನಡೆದರು. ಎರಡು ತಿಂಗಳಿನಲ್ಲಿ ಮೊಬೈಲ್ ಕವರಿನವರು ಬಂದು ಕೂಡುವ ಅಂಗಡಿಯ ಮಾಲಕರ ನಡಿಗೆ ಅದು.

"ನಿಂದರ್ರಿ!" ಅಂತ ಕೂಗಿದೆ. "ಒಂದನೇದು ನಮ್ದ ಐತಿ! ನಾನು ವಾಯರ್ ಬದಲಿ ಮಾಡೇನಿ!"

ಸಭೆ ಬಿದ್ದು ಬಿದ್ದು ನಕ್ಕಿತು.

"ಬಿಟ್ಟ ನೋಡ್ರೋ ಮತ್ತೊಂದು!"

"ನವಾಬರು ಬಂದು ಬದಲಿ ಮಾಡಿದ್ರೇನು?"

ಚಾಚಾ ನನ್ನ ತೋಳು ಹಿಡಿದು ಮೆಲ್ಲಗೆ ಅಂದರು: "ಬ್ಯಾಡೋ ಬೇಟಾ. ನನ್ನ ಸಲುವಾಗಿ ಮತ್ತ ಸುಳ್ಳ ಹೇಳಬ್ಯಾಡ."

ಜೀವಮಾನದಲ್ಲಿ ನಾನು ತುಂಬಿದ ಸಭೆಯಲ್ಲಿ ಹೇಳಿದ ಒಂದೇ ಒಂದು ಖರೆ, ಅದನ್ನು ನಂಬುವವರು ಒಬ್ಬರೂ ಇಲ್ಲ! ಕೊನೆಗೆ ಡಾಕ್ಟರೇ ಕೈ ಎತ್ತಿದರು. "ವಾದ ಯಾಕ? ಬಟ್ಟಿ ತಗೀರಿ. ಒಂದನೇದು ಹಚ್ಚರಿ."

ಅಯ್ಯನವರು ಅಂತರಪಾಟ ಸರಿಸಿದರು. ನಾನು ಸ್ವಿಚ್ಚು ಒಂದಕ್ಕೆ ತಿರುಗಿಸಿದೆ. ಮಾಸ್ತರರ ತತ್ವಪದ ಹಾಲ್‌ನ ತುಂಬ ಹರಡಿತು. ಡಾಕ್ಟರು ದವಾಖಾನೆಯಿಂದ ಸೀದಾ ಬಂದಿದ್ದರು. ಕೊರಳಲ್ಲಿದ್ದ ಸ್ಟೆತಾಸ್ಕೋಪು ಕಿವಿಗೆ ಹಚ್ಚಿಕೊಂಡು, ತಮ್ಮ ಆರು ಲಕ್ಷದ ಸ್ಪೀಕರಿನ ಎದೆಯ ಮೇಲೆ ಇಟ್ಟರು. ಕೇಳಿದರು. ಜಾಗ ಬದಲಿಸಿ ಮತ್ತೆ ಕೇಳಿದರು. ಅವರ ಮುಖ ನೋಡಿ ಸಂಬಂಧಿಕರು ಅಳುವಂತಿತ್ತು. ಎದ್ದು, ನಮ್ಮ ಪೆಟ್ಟಿಗೆಗೆ ಇಟ್ಟರು. ಇಟ್ಟ ಗಳಿಗೆಗೆ ತಬಲಾದ ಹೊಡೆತಕ್ಕೆ ಬೆಚ್ಚಿ ಹಿಂದಕ್ಕೆ ಸರಿದರು.

"ಜೀವ ಇಲ್ಲಿ ಐತಿ," ಅಂದರು. "ಸೋತೆ. ಹದಿಮೂರು ಜೋಡಿ ಚಾಚಾರಿಗೆ."

ಭಜನೆಯವರು ತಾಳ ಬಾರಿಸಿಬಿಟ್ಟರು. ಮಾಸ್ತರರು ಪೆಟ್ಟಿಗೆಯನ್ನು ಮೊಮ್ಮಗನನ್ನು ತಟ್ಟುವ ಹಾಗೆ ತಟ್ಟಿದರು. ಸವಣೂರಿನ ಬಡಗಿಯ ಕೈಕೆಲಸಕ್ಕೆ ಹಾನಗಲ್ಲಿನ ತುಂಬಿದ ಸಭೆ ಎದ್ದು ನಿಂತದ್ದನ್ನು ನಾನು ಈ ಕಣ್ಣಿಂದ ನೋಡಿದೆ. ಇದು ಹನ್ನೆರಡಾಣೆಯ ಒಳಗಿನದು.

ಚಾಚಾ ಮಾತ್ರ ನಗಲಿಲ್ಲ. ನನ್ನೆದುರು ಬಂದು ನಿಂತರು.

"ಅಂದ್ರ ನನ್ನ ಪೆಟಗಿ ಸೋಲತೈತಿ ಅಂತ ತಿಳಕೊಂಡಿದ್ದೆಲ್ಲಾ ನೀನು?"

ನನ್ನ ಬಾಯಲ್ಲಿ ಒಂದು ಸುಳ್ಳೂ ಹುಟ್ಟಲಿಲ್ಲ. ತಲೆ ತಗ್ಗಿಸಿದೆ. ಅವರು ಡಾಕ್ಟರ ಕಡೆಗೆ ತಿರುಗಿ ಹೇಳಿದರು: "ಸಾಹೇಬ್ರ, ಹದಿಮೂರೂ ಜೋಡಿ ಮಾಡಿ ಕೊಡ್ತೇನಿ. ಇವಾ ವಾಯರ್ ಹಚ್ಚೂ ಮುಂದ ನಾನು ಬಾಜೂಕ ಕುಂತು ನೋಡ್ತೇನಿ."

ಹೇಳುವಾಗ ಅವರ ಮೀಸೆಯ ತುದಿ ಒಂಚೂರು ನಕ್ಕಿತು. ಅಷ್ಟು ಸಾಕಾಗಿ ನನ್ನ ಕಣ್ಣು ತುಂಬಿತು, ಮೈಯೆಲ್ಲ ಬೆವೆತು ಅಂಗಿ ಅಂಟಿಕೊಂಡಿತು, ಗೋಡೆ ಹಿಡಿದು ನಿಂತೆ. ಡಾಕ್ಟರು ನೋಡಿ ಗಾಬರಿಯಾಗಿ ಓಡಿ ಬಂದರು. ನನ್ನ ಅಂಗಿಯ ಗುಂಡಿ ಬಿಚ್ಚಿ, ಅದೇ ಸ್ಟೆತಾಸ್ಕೋಪು ನನ್ನ ಎದೆಯ ಮೇಲೆ ಇಟ್ಟರು. ಡಾಕ್ಟರು ಒಂದು ನಿಮಿಷ ಕಣ್ಣು ಮುಚ್ಚಿ ಕೇಳಿ, ಸಭೆಯ ಕಡೆಗೆ ತಿರುಗಿ ಹೇಳಿದರು:

"ಚೀಟ್ಯಾಗ ಮೂರನೇದು ಸೇರಸ್ರಿ. ದಬದಬ ಬಾಸ್ ಮೂರರಾಗ ಈ ಎದ್ಯಾಗ ಜಾಸ್ತಿ ಐತಿ!"